ಅಗಸಿಯ ಮುಂದೆ ನಿಲ್ಲದ ಕಲ್ಲು

ದೇವಮ್ಮ, ನಿನ್ನ ಗಂಡನ ಸ್ಮಾರಕ ಬೇಡವೆಂದು ಪಂಚಾಯಿತಿಗೆ ಹೋದ ಅರ್ಜಿಯಲ್ಲಿ ಮೊದಲ ಸಹಿ ನನ್ನದೇ. ನೀನು ಕೇಳಿದಾಗ ಅಲ್ಲವೆಂದೆ. ಏಳು ವರ್ಷ ಆ ಸುಳ್ಳು ಹೊತ್ತುಕೊಂಡೇ ನಿನ್ನ ಮನೆಯ ಚಹಾ ಕುಡಿದೆ.

ನಿನ್ನ ಗಂಡ ಭೀಮಣ್ಣನೂ ನಾನೂ ಒಂದೇ ಊರಿನವರು, ಒಂದೇ ತುಕಡಿಯವರು. ಕಕ್ಕೇರಾದ ಈಚೆಗಿನ ಈ ಊರಲ್ಲಿ ಅವನದು ದಲಿತರ ಕೇರಿ, ನನ್ನದು ಗೌಡರ ಓಣಿ— ಗಡಿಯ ಹಿಮದಲ್ಲಿ ಮಾತ್ರ ಇಬ್ಬರಿಗೂ ಒಂದೇ ತಾಟು. ಒಂದು ಚಳಿಗಾಲ ನನ್ನ ಕಾಲ್ಬೆರಳುಗಳು ಕಪ್ಪಾಗತೊಡಗಿದಾಗ, ಅವನು ಅಂಗಿ ಎತ್ತಿ ನನ್ನ ಪಾದಗಳನ್ನು ಬರಿ ಹೊಟ್ಟೆಗೆ ಒತ್ತಿಕೊಂಡು ಗಂಟೆಗಟ್ಟಲೆ ಕೂತ. “ಅಣ್ಣಾರ, ನಡಕೊಂತನ ಊರಿಗಿ ಹೋಗೂಣ್ರಿ” ಎಂದ. ನಿವೃತ್ತನಾಗಿ ನಾನು ನಡೆದೇ ಬಂದೆ. ಮರುವರ್ಷ ಹಿಮದ ಕುಸಿತಕ್ಕೆ ಸಿಕ್ಕ ಅವನು ಪೆಟ್ಟಿಗೆಯಲ್ಲಿ ಬಂದ.

ಧ್ವಜ ಹೊದ್ದ ಆ ಪೆಟ್ಟಿಗೆಗೆ ಊರೇ ಹೆಗಲು ಕೊಟ್ಟಿತು. ಸ್ಮಾರಕದ ಕಲ್ಲನ್ನು ಅಗಸಿಯ ಮುಂದೆ, ಊರ ಬಾಗಿಲಲ್ಲೇ ನಿಲ್ಲಿಸಬೇಕೆಂದು ನಿಮ್ಮ ಕೇರಿಯವರು ಕೇಳಿದಾಗ ಮಾತ್ರ— ಗೌಡರು ನನ್ನನ್ನು ಕರೆಸಿದರು.

“ಅವರ ಕೇರಿಯಾಂವನ ಕಲ್ಲಿಗಿ ನಾವು ದಿನಾ ಕೈ ಮುಗದು ಒಳಗ ಬರಬೇಕೇನು? ನೀ ಫೌಜಿನಾಂವ. ನೀ ಮೊದಲ ಸಹಿ ಹಾಕಿದ್ರ ಯಾರೂ ಬಾಯಿ ತೆಗ್ಯಂಗಿಲ್ಲ.”

ತಮ್ಮನ ಮಗಳ ಲಗ್ನ ಗೊತ್ತಾಗಿತ್ತು, ಊರವರು ದೂರವಿಟ್ಟರೆ ಹೇಗೆ ಎಂದು— ಇಲ್ಲ, ಅದು ನೆಪ. ಒಳಗೆಲ್ಲೋ ನನಗೂ ಗೌಡರ ಮಾತು ಸರಿ ಅನ್ನಿಸಿತ್ತು.

ಮರುದಿನ ನೀನು ಬಾಗಿಲಲ್ಲಿ ನಿಂತು ಕೇಳಿದೆ: “ಅಣ್ಣಾರ, ನಿಮ್ಮ ಸಹಿನೂ ಅದ ಅಂತಾರಲ್ರಿ?”

“ಇಲ್ಲ ತಂಗೆವ್ವ. ಯಾರು ಹೇಳಿದ್ರು?”

“ನಂಗ ಗೊತ್ತಿತ್ರಿ, ನೀವು ಹಂಗ ಮಾಡೂದಿಲ್ಲಂತ” ಎಂದು ನೀನು ಕಣ್ಣೊರೆಸಿಕೊಂಡೆ.

ಕಲ್ಲು ನಿನ್ನ ಹಿತ್ತಲ ಗೋಡೆಗೆ ಒರಗಿ ಉಳಿಯಿತು. ನಾನು ಪ್ರತಿ ಆಗಸ್ಟ್ ಹದಿನೈದಕ್ಕೆ ಪದಕ ಧರಿಸಿ, ನಾವೆಲ್ಲ ಒಂದೇ ಎಂದು ಶಾಲೆಯ ಮಕ್ಕಳಿಗೆ ಹೇಳುತ್ತ ಬಂದೆ. ಹಿಂದಿನ ಸಾಲಲ್ಲಿ ನೀನೂ ಚಪ್ಪಾಳೆ ತಟ್ಟುತ್ತಿದ್ದೆ.

ಕಳೆದ ತಿಂಗಳು ಪಂಚಾಯಿತಿಗೆ ಹೋಗಿ, ನನ್ನ ಸಹಿ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅಲ್ಲಿದ್ದವರು ನಕ್ಕರು. “ಈಗ್ಯಾಕ್ರಿ ಸುಬೇದಾರ್ರ? ಆ ಜಾಗದಾಗ ಕುಡಿಯೂ ನೀರಿನ ಘಟಕ ಆಗ್ಯಾದ.” ನನ್ನಿಂದ ಇನ್ನು ಏನೂ ಬದಲಾಗದು.

ನಿನಗೆ ಓದು ಬಾರದು. ಇದನ್ನು ನಿನ್ನ ಮಗಳೇ ಓದಿ ಹೇಳಬೇಕು— ನನ್ನನ್ನು ದೊಡ್ಡಪ್ಪ ಎನ್ನುವವಳು. ಫೌಜಿಗೆ ಸೇರಲೇ ಎಂದು ಮೊನ್ನೆ ನನ್ನನ್ನು ಕೇಳಿದಳು. ಹೋಗು ಎನ್ನಲು ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಮೊದಲು ಅವಳು ಇದನ್ನು ಓದಲಿ.