ದೀಪ ಇರಲಿಲ್ಲ

ವಾಮದೇವಪ್ಪನ ಸಹಿಯನ್ನು ನೀವು ನೋಡಬೇಕಿತ್ತು. ಓದಿದ್ದು ನಾಲ್ಕನೇ ಇಯತ್ತೆ, ಸಹಿ ಮಾತ್ರ ದಿವಾನರದ್ದು. ದೊಡ್ಡದಾಗಿ ಶುರುವಾಗಿ, ಕೊನೆಗೆ ಬಂದಾಗ ಕೆಳಗೊಂದು ಉದ್ದ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಆ ಸಹಿ ಬಿದ್ದ ಹಾಳೆಯ ಮೇಲೆ ಏನು ಬರೆದರೂ ನಿಜದ ಹಾಗೇ ಕಾಣುತ್ತಿತ್ತು. ಬರೆಯುತ್ತಿದ್ದವನು ನಾನು.

ನಾನು ಪೊಲೀಸ್ ದಫೇದಾರ ನಾಗರಾಜಪ್ಪ. ಐವತ್ತನಾಲ್ಕರಿಂದ ಅರವತ್ತಮೂರರವರೆಗೆ ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿಯ ಬದಿಯ ಒಂದು ಹೊರಠಾಣೆಯಲ್ಲಿದ್ದೆ. ಎರಡು ಕೋಣೆ, ಒಂದು ಬೇವಿನ ಮರ. ಈಗ ಠಾಣೆಯೂ ಇಲ್ಲ, ಮರವೂ ಇಲ್ಲ. ಎದುರಿಗೆ ವಾಮದೇವಪ್ಪನ ಚಹಾದಂಗಡಿ. ಮಂಡಕ್ಕಿ ಮೆಣಸಿನಕಾಯಿ ಅವನ ಹೆಂಡತಿ ಕಸ್ತೂರಮ್ಮನ ಕೈಯದು, ಹರಟೆ ಅವನದು.

ರಸ್ತೆಯಲ್ಲಿ ಯಾರಾದರೂ ಸತ್ತರೆ ಪಂಚನಾಮೆ ಮಾಡಬೇಕು. ಹೆಣ ಹೇಗೆ ಬಿದ್ದಿತ್ತು, ವಾಹನ ಎಲ್ಲಿ ನಿಂತಿತ್ತು, ಏನಿತ್ತು, ಏನಿರಲಿಲ್ಲ ಎಂದು ಇಬ್ಬರು ಮರ್ಯಾದಸ್ಥರ ಎದುರಿಗೆ ಬರೆದು ಅವರಿಂದ ಸಹಿ ಹಾಕಿಸಬೇಕು. ಅವರನ್ನೇ ಪಂಚರು ಅನ್ನುವುದು. ಮರ್ಯಾದಸ್ಥರು ಬೆಳಗಾಗೆದ್ದು ಹೆಣದ ಮುಖ ನೋಡಲು ಬರುವುದಿಲ್ಲ. ವಾಮದೇವಪ್ಪ ಬರುತ್ತಿದ್ದ. ನಾನು ಕುರ್ಚಿ ಹಾಕಿಸುತ್ತಿದ್ದೆ, 'ಬರ್ರಿ ವಾಮದೇವಪ್ಪೋರೆ' ಎಂದು ನಾಲ್ಕು ಜನರ ಎದುರಿಗೆ ಕರೆಯುತ್ತಿದ್ದೆ. ಅಷ್ಟಕ್ಕೇ ಆ ಮನುಷ್ಯ ಉಬ್ಬಿಹೋಗುತ್ತಿದ್ದ. ಎರಡನೇ ಪಂಚ ಒಬ್ಬ ಹೆಬ್ಬೆಟ್ಟಿನವ, ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಒಂಬತ್ತು ವರ್ಷದಲ್ಲಿ ನಮ್ಮ ಸರಹದ್ದಿನಲ್ಲಿ ಸತ್ತವರು ನಲವತ್ತೊಂದು ಮಂದಿ. ಹದಿನೇಳು ಎತ್ತಿನಗಾಡಿಯವರು, ಹನ್ನೊಂದು ಸೈಕಲ್ಲಿನವರು, ಹತ್ತು ಮಂದಿ ಕಾಲ್ನಡಿಗೆಯವರು, ಬಸ್ಸಿನೊಳಗೆ ಕೂತವರು ಇಬ್ಬರು. ಲಾರಿ ಡ್ರೈವರು ಒಬ್ಬನೇ, ಅವನೂ ಕುಡಿದು ಹುಣಸೆ ಮರಕ್ಕೆ ಗುದ್ದಿಕೊಂಡವನು. ಕೊಂದದ್ದಕ್ಕೆ ಎಂಜಿನ್ ಇರುತ್ತಿತ್ತು, ಸತ್ತದ್ದಕ್ಕೆ ಇರುತ್ತಿರಲಿಲ್ಲ. ವಾಮದೇವಪ್ಪ ಗಿರಾಕಿಗಳ ಮುಂದೆ ಇದನ್ನೊಂದು ಗಾದೆ ಮಾಡಿಕೊಂಡಿದ್ದ: "ಬಸ್ಸಿನಾಗ ಸತ್ರೆ ಪೇಪರಿಗೆ, ಲಾರಿಯಾಗ ಸತ್ರೆ ಕೋರ್ಟಿಗೆ, ಗಾಡಿಯಾಗ ಸತ್ರೆ ಸೀದಾ ಸುಡುಗಾಡಿಗೆ." ಎಲ್ಲರೂ ನಗುತ್ತಿದ್ದರು. ಗಾಡಿಯವರೂ ನಗುತ್ತಿದ್ದರು.

ಇನ್ನು ತಪ್ಪು ಯಾರದು ಎಂಬ ಮಾತು. ಗಾಡಿಗೆ ಕಂದೀಲು ಇತ್ತು ಎಂದು ಬರೆದರೆ ಲಾರಿಯವನ ಮೇಲೆ ಕೇಸು, ಅವನಿಗೆ ವಕೀಲ, ನನಗೆ ಮೂರು ವರ್ಷ ಕೋರ್ಟಿನ ಮೆಟ್ಟಿಲು. ಕಂದೀಲು ಇರಲಿಲ್ಲ ಎಂದು ಬರೆದರೆ ಒಂದು ತಿಂಗಳಲ್ಲಿ ಕಡತ ಮುಚ್ಚುತ್ತದೆ. ಲಂಚ ತಿಂದಿರಬೇಕು ಎಂದುಕೊಳ್ಳುತ್ತೀರಿ. ಇಲ್ಲ. ಲಂಚ ತಿನ್ನುವವನಿಗೆ ಸ್ವಲ್ಪವಾದರೂ ಓಡಾಟ ಇರುತ್ತದೆ. ನನ್ನದು ಬರೀ ಮೈಗಳ್ಳತನ. ಕಂದೀಲು ಇದ್ದರೆ ಬಿಚ್ಚಿ ತಂದು ಹಿಂದಿನ ಕೋಣೆಯಲ್ಲಿ ಹಾಕುತ್ತಿದ್ದೆ, ಆಮೇಲೆ 'ದೀಪ ಇರಲಿಲ್ಲ' ಎಂದು ಬರೆಯುತ್ತಿದ್ದೆ. ಬರೆಯುವ ಹೊತ್ತಿಗೆ ಅದು ಸುಳ್ಳಲ್ಲವಲ್ಲ. ನಮ್ಮ ಠಾಣೆಗೆ ಆ ಒಂಬತ್ತು ವರ್ಷ ಕಂದೀಲಿನ ಬರ ಬರಲಿಲ್ಲ.

ವಾಮದೇವಪ್ಪನಿಗೆ ಇದೆಲ್ಲ ಗೊತ್ತಿತ್ತು. ಮೊದಮೊದಲು ಬಂದು ನಿಂತು ನೋಡಿ ಸಹಿ ಹಾಕುತ್ತಿದ್ದ. ಆಮೇಲೆ ಅಂಗಡಿಯಿಂದಲೇ ನೋಡಿ ಹಾಕಿದ. ಐವತ್ತೊಂಬತ್ತರಲ್ಲಿ ಒಂದು ದಿನ ಬಂದು, "ದಫೇದಾರ್ರೇ, ಎಣ್ಣೆ ಬಾಣಲಿ ಬಿಟ್ಟು ಎಷ್ಟ್ ಸಲ ಓಡಿ ಬರ್ಲಿ? ಹತ್ತು ಹಾಳೆ ಕೊಡ್ರಿ, ಒಮ್ಮೆಗೇ ಹಾಕಿ ಬಿಡ್ತೀನಿ" ಅಂದ. ಕೊಟ್ಟೆ. ಖಾಲಿ ಹಾಳೆಗಳ ಬುಡದಲ್ಲಿ ಹತ್ತು ದಿವಾನರ ಸಹಿ. ಹೆಬ್ಬೆಟ್ಟಿನವನೂ ಒತ್ತಿ ಹೋದ. ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಮುಗಿದ ಹಾಗೆಲ್ಲ ಅವನೇ ಕೇಳಿ ಹಾಕಿಕೊಡುತ್ತಿದ್ದ.

ಅದೇ ವರ್ಷ ಸುಗ್ಗಿಯಲ್ಲಿ ಆನಗೋಡಿನ ಮೈಲಪ್ಪ ಎಂಬವನು ಹರಿಹರದ ಕಡೆಗೆ ಶೇಂಗಾ ಹೇರಿಕೊಂಡು ಹೋಗುವಾಗ ಲಾರಿ ಹಿಂದಿನಿಂದ ಬಡಿದು ಸತ್ತ. ಐದು ದಿನದ ಮೇಲೆ ಮುಸ್ಸಂಜೆಗೆ ಅವನ ಹೆಂಡತಿ ಸುಂಕಲಮ್ಮ ನಡೆದುಕೊಂಡು ಬಂದಳು. ನಾನು ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ.

"ಕಂದೀಲು ಕೊಡ್ರಿ. ಹಿಡಿಗೆ ಕೆಂಪು ಚಿಂದಿ ಸುತ್ತೀನಿ, ನಂಗೆ ಗುರ್ತೈತೆ. ನಾನೇ ಎಣ್ಣಿ ಹಾಕಿ ಹಚ್ಚಿ ಕೊಟ್ಟಿದ್ದೆ" ಅಂದಳು.

ನಾನು ಬಾಯಿ ಬಿಡುವ ಮೊದಲೇ ವಾಮದೇವಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೇಳಿದ: "ದೀಪ ಇರ್ಲಿಲ್ಲವ್ವ. ನಾನೇ ಪಂಚ. ಇದ್ರೂ ಸತ್ತೋನಿಗೆ ಕಂದೀಲು ಯಾಕ ಬೇಕು?"

"ಸತ್ತೋನಿಗಲ್ರಿ, ಇರೋರಿಗೆ. ದೀಪ ಇಲ್ದೆ ಹೋದ, ತನ್ನ ತಪ್ಪಿಗೆ ತಾನೇ ಸತ್ತ ಅಂತಾರೆ ಊರಾಗ. ನನ್ ಮಕ್ಳ ಮುಂದೇನೇ ಅಂತಾರೆ."

"ಹೋಗವ್ವ, ಹೋಗು. ಗಿರಾಕಿ ಅದಾರೆ."

ಕಸ್ತೂರಮ್ಮ ಒಲೆಯ ಹತ್ತಿರ ನಿಂತು ಕೇಳಿಸಿಕೊಂಡಳು. ಆ ಹೆಂಗಸಿಗೆ ಒಂದು ಲೋಟ ಚಹಾ ಕೊಟ್ಟಳು. ಕೆಂಪು ಚಿಂದಿಯ ಕಂದೀಲು ಆಗ ನನ್ನ ಹಿಂದಿನ ಕೋಣೆಯಲ್ಲಿ ಉರಿಯುತ್ತಿತ್ತು. ನನಗೆ ನಾಚಿಕೆಯಾಗಲಿಲ್ಲ. ಈಗ ಆಗುತ್ತದೆ, ಯಾರಿಗೂ ಉಪಯೋಗವಿಲ್ಲದ ನಾಚಿಕೆ.

ವಾಮದೇವಪ್ಪ, ಕಸ್ತೂರಮ್ಮನವರ ಒಬ್ಬನೇ ಮಗ ಕರಿಬಸವರಾಜನಿಗೆ ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಮರುವರ್ಷ. ಬೆಳಗಿನ ಪಾಳಿಗೆ ಐದು ಗಂಟೆಗೇ ಸೈಕಲ್ ಹತ್ತಬೇಕು. ಕಸ್ತೂರಮ್ಮ ಹಟ ಹಿಡಿದು ಡೈನಮೋ ದೀಪ ಹಾಕಿಸಿದಳು. ವಾಮದೇವಪ್ಪ ದಾವಣಗೆರೆ ಪೇಟೆಗೆ ತಾನೇ ಹೋಗಿ, ಇದ್ದುದರಲ್ಲೆಲ್ಲ ದೊಡ್ಡದನ್ನು ಆರಿಸಿ ತಂದ. ಠಾಣೆಯ ಮುಂದೆ ಚಕ್ರ ತಿರುಗಿಸಿ ನನಗೂ ತೋರಿಸಿದ: "ನೋಡ್ರಿ ದಫೇದಾರ್ರೇ, ಮೂರು ಫರ್ಲಾಂಗ್ ಬೆಳಕು. ಇವ್ನಿಗೆ ನಿಮ್ ಹಾಳಿ ಬ್ಯಾಡ." ಹುಡುಗ ನಾಚಿಕೊಂಡು ನಕ್ಕ. ಒಳ್ಳೆಯ ಹುಡುಗ. ನನ್ನನ್ನು ಮಾವ ಎನ್ನುತ್ತಿದ್ದ. ದಿನಾ ಅವನು ಹೊರಟ ಮೇಲೆ ಕಸ್ತೂರಮ್ಮ ಅಂಗಡಿ ಕಟ್ಟೆಯ ಮೇಲೆ ನಿಂತು, ಬೆಳಕು ತಿರುವು ದಾಟುವ ತನಕ ನೋಡಿ ಒಳಗೆ ಹೋಗುತ್ತಿದ್ದಳು.

ಅರವತ್ತೊಂದರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಬಂದು ಎಬ್ಬಿಸಿದ. ಎರಡು ಮೈಲಿ ಮುಂದೆ ಸೈಕಲ್ಲಿನವನಿಗೆ ಬಡಿದಿದೆ, ಪ್ಯಾಸೆಂಜರು ಚಳಿಯಲ್ಲಿ ನಿಂತಿದ್ದಾರೆ, ಬೇಗ ಬನ್ನಿ ಅಂದ. ಖಾನೆಯಿಂದ ಸಹಿ ಹಾಕಿದ ಹಾಳೆಯೊಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಯಾರೋ ಹೆಣದ ಮೇಲೆ ಗೋಣಿ ಹೊದಿಸಿದ್ದರು. ಇನ್ನೂ ನಸುಗತ್ತಲೆ. ಸೈಕಲ್ಲಿನ ಮುಂದಿನ ಚಕ್ರ ಬಾಗಿತ್ತು, ದೀಪ ನೆಟ್ಟಗಿತ್ತು. ಬಿಚ್ಚಿದೆ. ಬಸ್ಸಿನ ಮೆಟ್ಟಿಲ ಮೇಲೆ ಕೂತು ಬರೆದೆ: 'ಅಪರಿಚಿತ ಗಂಡಸು, ಸುಮಾರು ಇಪ್ಪತ್ತೈದು ವರ್ಷ. ಸೈಕಲ್ಲಿಗೆ ದೀಪ ಇರಲಿಲ್ಲ.' ಗೋಣಿ ಎತ್ತಿ ನೋಡಲಿಲ್ಲ. ವಯಸ್ಸನ್ನು ಕಾಲು ನೋಡಿ ಅಂದಾಜಿಸಿದೆ. ಆ ಚಪ್ಪಲಿಯನ್ನಾದರೂ ನಾನು ಗುರುತಿಸಬಹುದಿತ್ತು.

ಹೆಣ ಆಸ್ಪತ್ರೆಗೆ ಹೋಯಿತು. ಹಾಳೆ ಎಂಟು ಗಂಟೆಯ ಬಸ್ಸಿಗೆ ಮೇಲಿನ ಕಚೇರಿಗೆ ಹೋಯಿತು. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ ಕೂತಿದ್ದೆ. ಒಂಬತ್ತಕ್ಕೆ ಕಸ್ತೂರಮ್ಮ ಎಂದಿನಂತೆ ಚಹಾ ತಂದಳು. ಲೋಟ ಮೇಜಿನ ಮೇಲಿಟ್ಟು ತಿರುಗಿದವಳು ಅಲ್ಲೇ ನಿಂತಳು.

"ಈ ಸೈಕಲ್ ಎಲ್ಲಿಂದ ಬಂತ್ರಿ?"

ನಾನು ಬಾಗಿದ ಚಕ್ರ ನೋಡಿದೆ, ಹ್ಯಾಂಡಲಿಗೆ ಕಟ್ಟಿದ ಮಠದ ದಾರ ನೋಡಿದೆ. ಆಗ ಗೊತ್ತಾಯಿತು.

ಅವಳು ಕೂಗಲಿಲ್ಲ. ಸೈಕಲ್ಲಿನ ಮುಂದೆ ಕೂತು, ದೀಪವಿದ್ದ ಜಾಗವನ್ನು ಬೆರಳಿನಿಂದ ಸವರಿದಳು. "ದೀಪ ಎಲ್ಲೈತ್ರಿ?" ಅಂದಳು.

"ಎಲ್ಲೋ ಬಿದ್ದು ಹೋಗಿರ್ಬೇಕು ತಾಯಿ" ಅಂದೆ. ದೀಪ ಗೋಡೆಯ ಆಚೆಗೆ, ಕಂದೀಲುಗಳ ರಾಶಿಯ ಮೇಲಿತ್ತು. ಆಮೇಲೆ ಅವಳು ಕೂಗಿದಳು.

ಮಣ್ಣು ಮಾಡಿ ಬಂದ ಮೂರನೇ ದಿನಕ್ಕೇ ಬಸ್ಸಿನವರು ಊರೆಲ್ಲ ಹೇಳಿಕೊಂಡು ತಿರುಗಿದರು: ಹುಡುಗನ ಸೈಕಲ್ಲಿಗೆ ದೀಪವೇ ಇರಲಿಲ್ಲ, ಪಂಚನಾಮೆಗೆ ಅವರಪ್ಪನದೇ ಸಹಿ. ಈ ಸಲ ಕಡತ ಮುಚ್ಚಲು ಕಸ್ತೂರಮ್ಮ ಬಿಡಲಿಲ್ಲ, ಮೇಲಿನ ಕಚೇರಿಗೆ ಅರ್ಜಿ ಬರೆಸಿ ಕೇಸು ಹಾಕಿಸಿದಳು. ವಾಮದೇವಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದ.

"ಕೋರ್ಟ್ನಾಗ ಹೇಳ್ತೀನಿ. ಖಾಲಿ ಹಾಳಿಗೆ ಹಾಕಿದ್ದು ಅಂತ ಹೇಳ್ತೀನಿ. ಆಕಿಗೆ ಮಾತು ಕೊಟ್ಟೀನಿ."

"ಹೇಳ್ರಿ" ಅಂದೆ. "ಆಮೇಲೆ ಉಳಿದ ಹಾಳೆಗಳನ್ನೆಲ್ಲ ತೆಗೀತಾರೆ. ಸುಳ್ಳು ಸಾಕ್ಷಿ ಅಂತ ನಿಮ್ಮನ್ನೂ ಒಳಗೆ ಹಾಕ್ತಾರೆ, ನನ್ನನ್ನೂ. ಆನಗೋಡಿನಿಂದ ಹಿಡಿದು ಒಬ್ಬೊಬ್ಬರ ಹೆಂಡ್ರೂ ಬಂದು ನಿಮ್ ಅಂಗಡಿ ಮುಂದೆ ನಿಲ್ತಾರೆ. ಮಗ ಹೋದ. ಹೆಸರೂ ಹೋಗ್ಲಿ ಅಂತೀರೇನು?"

ಸಾಂತ್ವನ ಹೇಳಬೇಕಾದ ಬಾಯಲ್ಲಿ ನಾನು ಹೇಳಿದ್ದು ಅದು. ಅವನು ರಸ್ತೆ ದಾಟಿ ಅಂಗಡಿಗೆ ಹೋದ.

ಕೇಸು ಬಂದದ್ದು ಮರುವರ್ಷ ಭಾದ್ರಪದದಲ್ಲಿ. ಕಸ್ತೂರಮ್ಮ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮೊದಲ ಬೆಂಚಿನ ಮೇಲೆ ಕೂತಿದ್ದಳು. ಗಂಡ ಇವತ್ತು ಹೇಳುತ್ತಾನೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದಳಂತೆ. ಬಸ್ಸಿನವರ ವಕೀಲ ಹಾಳೆಯನ್ನು ವಾಮದೇವಪ್ಪನ ಮುಂದೆ ಹಿಡಿದ.

"ಈ ಸಹಿ ನಿಮ್ಮದಾ?"

"ನಂದೇ ರೀ."

"ನೋಡಿ ಹಾಕಿದ್ದಾ, ನೋಡದೆ ಹಾಕಿದ್ದಾ?"

ವಾಮದೇವಪ್ಪ ನನ್ನ ಕಡೆ ನೋಡಿದ. ನಾನು ನನ್ನ ಬೆಲ್ಟಿನ ಬಿಲ್ಲೆ ನೋಡಿಕೊಂಡೆ. ಹೆಂಡತಿಯ ಕಡೆ ಅವನು ನೋಡಲೇ ಇಲ್ಲ.

"ನೋಡೇ ಹಾಕಿದ್ದು."

"ಸೈಕಲ್ಲಿಗೆ ದೀಪ ಇತ್ತಾ?"

"ಇರ್ಲಿಲ್ರಿ."

"ಸತ್ತವನು ನಿಮ್ಮ ಮಗ. ಇಲ್ಲಿ ಅಪರಿಚಿತ ಅಂತ ಬರೆದಿದೆ. ಹೆತ್ತ ಮಗನ ಗುರುತು ಹತ್ತಲಿಲ್ವಾ?"

"ಗೋಣಿ ಹೊದ್ಸಿದ್ರು."

"ಎತ್ತಿ ನೋಡಲಿಲ್ವಾ?"

"ಇಲ್ರಿ."

ಅಲ್ಲಿ ಅವನು ಇರಲೇ ಇಲ್ಲ. ಅಂಗಡಿಯಲ್ಲಿ ಒಲೆ ಹಚ್ಚುತ್ತಿದ್ದ. ಗೋಣಿ ಎತ್ತದವನು ನಾನು. ಆ ಪಾಪವನ್ನೂ ಅವನು ತನ್ನ ತಲೆಯ ಮೇಲೇ ಹೊತ್ತುಕೊಂಡ, ಹೆಸರು ಉಳಿಯಲಿ ಎಂದು. ವಕೀಲ ನ್ಯಾಯಾಧೀಶರ ಕಡೆ ತಿರುಗಿ, "ಸ್ವಂತ ತಂದೆಯೇ ಹೇಳುತ್ತಿದ್ದಾನೆ ಸ್ವಾಮಿ, ಇನ್ನೇನು ಬೇಕು?" ಅಂದ. ಡ್ರೈವರು ಬಿಡುಗಡೆಯಾಗಿ ಅದೇ ವಾರ ಅದೇ ರಸ್ತೆಯಲ್ಲಿ ಬಸ್ಸು ಬಿಟ್ಟ.

ಮರುದಿನ ಕಸ್ತೂರಮ್ಮ ಠಾಣೆಗೆ ಬಂದವಳು ನನ್ನನ್ನು ಕೇಳದೆ ಸೀದಾ ಹಿಂದಿನ ಕೋಣೆಗೆ ಹೋದಳು. ನಾನು ತಡೆಯಲಿಲ್ಲ. ಒಂದು ಕೈಯಲ್ಲಿ ಡೈನಮೋ ದೀಪ, ಇನ್ನೊಂದು ಕೈಯಲ್ಲಿ ಕೆಂಪು ಚಿಂದಿಯ ಕಂದೀಲು ಹಿಡಿದು ಹೊರಗೆ ಬಂದಳು. ಕಂದೀಲನ್ನು ಅವತ್ತೇ ಒಂದು ಗಾಡಿಯವನ ಕೈಯಲ್ಲಿ ಆನಗೋಡಿಗೆ ಕಳಿಸಿದಳು. ದೀಪವನ್ನು ತೊಳೆದು, ಗಲ್ಲಾಪೆಟ್ಟಿಗೆಯ ಮೇಲೆ, ಗಂಡ ಕೂರುವ ಜಾಗದ ನೆತ್ತಿಗೆ ಸರಿಯಾಗಿ ತಂತಿಯಲ್ಲಿ ತೂಗುಹಾಕಿದಳು. ಚಕ್ರವಿಲ್ಲದ ದೀಪ, ಉರಿಯುವುದಿಲ್ಲ. ಹೊಸ ಗಿರಾಕಿ ಯಾರಾದರೂ ಅದೇನು ಎಂದು ಕೇಳಿದರೆ ಸಾಕು, ಸೌಟು ಕೆಳಗಿಟ್ಟು ಬರುತ್ತಿದ್ದಳು.

"ನಮ್ ಯಜಮಾನ್ರು ದೀಪ ಇರ್ಲಿಲ್ಲ ಅಂತ ಕೋರ್ಟ್ನಾಗ ಹೇಳ್ಯಾರ. ನಿಮ್ ಕಣ್ಣಿಗೆ ಕಾಣ್ತೈತೇನ್ರಿ?"

ಗಿರಾಕಿ ಕಾಣುತ್ತದೆ ಅನ್ನುತ್ತಿದ್ದ. ವಾಮದೇವಪ್ಪ ತಲೆ ತಗ್ಗಿಸಿ ಚಿಲ್ಲರೆ ಎಣಿಸುತ್ತಿದ್ದ. ಗಂಡನ ಜೊತೆ ಅವಳು ಬೇರೆ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷ ಅವನು ಆ ದೀಪದ ಕೆಳಗೆ ಕೂತ. ಕೊನೆಗೊಂದು ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೇ ತಲೆಯಿಟ್ಟು ಸತ್ತ. ಗಿರಾಕಿಗಳು ನಿದ್ದೆ ಎಂದುಕೊಂಡಿದ್ದರು.

ಅವನ ತಿಥಿಯ ಮರುದಿನ ನಾನು ಅಂಗಡಿಗೆ ಹೋದೆ. ಅಷ್ಟರಲ್ಲಿ ನನಗೆ ಪಿಂಚಣಿಯಾಗಿತ್ತು. ಕಸ್ತೂರಮ್ಮ ಚಹಾ ಕೊಟ್ಟಳು, ಗುರುತೇ ಇಲ್ಲದವರ ಹಾಗೆ ಮುಖ ನೋಡಿದಳು.

"ದಫೇದಾರ್ರೇ, ನಿಮ್ ಕಣ್ಣಿಗೆ ಕಾಣ್ತೈತೇನ್ರಿ?"

"ಕಾಣ್ತೈತೆ ತಾಯಿ. ಇತ್ತು. ಅವತ್ತೂ ಇತ್ತು."

ಅವಳು ಮೆಣಸಿನಕಾಯಿ ಕಟ್ಟಿಕೊಡಲು ಇಟ್ಟಿದ್ದ ಕಾಗದದಲ್ಲಿ ಒಂದು ಖಾಲಿ ಹಾಳೆ ಆರಿಸಿ, ಗಲ್ಲಾದೊಳಗಿನ ಪೆನ್ಸಿಲು ತೆಗೆದು, ಎರಡನ್ನೂ ನನ್ನ ಮುಂದಿಟ್ಟಳು.

"ಹಂಗಾದ್ರೆ ಬರೀರಿ. ಬರೆದು ಸಹಿ ಹಾಕ್ರಿ."

ಪಿಂಚಣಿ ನೆನಪಾಯಿತು. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ.