ಗ್ಲೌಸು ಕಳಚಿದ ಕೈ

ಓದುಗರಿಗೆಲ್ಲ ನಮಸ್ಕಾರ. ಮೂವತ್ತು ದಾಟಿದ ಮೇಲೆ ಓದು ಕಲಿತವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದಲ್ಲಿ ಇಂಜಿನಿಯರ್ ತಮ್ಮ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡ. ಕ್ಯಾಲಿಫೋರ್ನಿಯಾದ ಸರಟೋಗಾ ಊರಿನ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ಬ್ರಿಟಿಷ್ ಅಜ್ಜಿಯೊಬ್ಬರು ಮೂಕಿ ಚಿತ್ರಗಳ ಕಾಲದ ನಾಯಕಿ. ಹದಿನಾರನೇ ವಯಸ್ಸಿಗೆ ಲಂಡನ್ನಿನ ಹತ್ತಿರ ಗಾಜಿನ ಚಾವಣಿಯ ಸ್ಟುಡಿಯೋ ಸೇರಿದ್ದರಂತೆ. ಮಾತಿನ ಚಿತ್ರ ಬಂದಾಗ ದನಿ ಕೀರಲು ಎಂದು ಸ್ಟುಡಿಯೋದವರು ಇವರನ್ನು ಕೈಬಿಟ್ಟರು. ಅಮೆರಿಕದವರೊಬ್ಬರನ್ನು ಮದುವೆಯಾಗಿ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಅಂಗಡಿಯಲ್ಲಿ ಬಹಳ ವರ್ಷ ಗ್ಲೌಸು ಮಾರಿದರು. ನಾನು ಕಾಫಿ ಕೊಡಲು ಹೋದಾಗಲೆಲ್ಲ ಪಕ್ಕ ಕೂರಿಸಿಕೊಂಡು ಇಂಗ್ಲಿಷ್ ಪೇಪರ್ ಓದಿಸುತ್ತಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು, ನನಗೆ ಓದು ಬೇಕಿತ್ತು.

ಅವರ ಚಿತ್ರಗಳಲ್ಲಿ ಒಂದೇ ಒಂದು ಉಳಿದಿತ್ತು. ಅದನ್ನು ಹತ್ತಿರದ ಪಾಲೋ ಆಲ್ಟೋದ ಚಿತ್ರಮಂದಿರದಲ್ಲಿ ಒಂದು ಭಾನುವಾರ ಮಧ್ಯಾಹ್ನ ತೋರಿಸುತ್ತಾರೆಂದು ತಿಳಿಯಿತು. ನಿಶ್ಚಿತಾರ್ಥದ ಉಂಗುರ ವಾಪಸ್ ಕೊಡಲು ನಾಯಕಿ ಗ್ಲೌಸು ಕಳಚುವ ದೃಶ್ಯ ಅದರಲ್ಲಿತ್ತು. ಚಿತ್ರೀಕರಣದ ದಿನ ಉಂಗುರದ ಬೆರಳಿಗೆ ಬಂದಾಗ ಇವರ ಕೈ ತಾನಾಗಿ ನಿಂತುಬಿಟ್ಟಿತಂತೆ. ಉದ್ದವಾಯಿತು, ಕತ್ತರಿಸುತ್ತೇನೆ ಎಂದಿದ್ದರು ನಿರ್ದೇಶಕರು. ಬಿಡುಗಡೆಯ ಹೊತ್ತಿಗೆ ಇವರು ಕಾಯಿಲೆ ಬಿದ್ದು ಮಲಗಿದ್ದರು. ಆಮೇಲೆ ಇಷ್ಟು ವರ್ಷ ಪ್ರಿಂಟೇ ಸಿಕ್ಕಿರಲಿಲ್ಲ. ಕತ್ತರಿಸಿದರೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು ಅವರಿಗೆ.

ಅವರನ್ನು ಕರೆದುಕೊಂಡು ಹೋಗಲು ನಾನು ಇಸ್ತ್ರಿ ಷರಟು ಹಾಕಿದ್ದು ನೋಡಿ ತಮ್ಮನ ಹೆಂಡತಿ, "ಏನ್ ಭಾವ, ಹೀರೋಯಿನ್ ಕರ್ಕೊಂಡು ಮ್ಯಾಟಿನಿಗೆ ಹೊರಟ್ರಾ?" ಎಂದು ನಕ್ಕಳು.

ಊರಿನ ಟೆಂಟಿನಲ್ಲಿ ಕಣ್ಣು ಕಾಣದ ನಮ್ಮಜ್ಜಿಗೆ ಸಿನಿಮಾ ಹೇಳುತ್ತಿದ್ದವನು ನಾನೇ. ಇಲ್ಲಿ ಮಾತ್ರ, ಓದು ಬಂದ ಹೆಮ್ಮೆಯಲ್ಲಿ, ಮಾತಿನ ಬದಲು ದೃಶ್ಯಗಳ ನಡುವೆ ಪರದೆಯ ಮೇಲೆ ಬರುವ ಇಂಗ್ಲಿಷ್ ಸಾಲುಗಳನ್ನೇ ಓದಿ ಹೇಳಲು ಕೂತೆ. ಎರಡು ಪದ ಕೂಡಿಸುವಷ್ಟರಲ್ಲಿ ಸಾಲು ಮಾಯ. ಆ ಗ್ಲೌಸಿನ ದೃಶ್ಯ ಬಂದದ್ದೂ ತಿಳಿಯಲಿಲ್ಲ.

ಮಂಜುಗಣ್ಣಿಗೂ ಅದರ ಗುರುತು ಸಿಕ್ಕಿರಬೇಕು, ಅವರು ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಅಕ್ಷರ ಬಿಡಪ್ಪ. ನನ್ನ ಕೈ ಏನು ಮಾಡ್ತಿದೆ ಹೇಳು."

ಅಕ್ಷರ ಬಿಟ್ಟು ಚಿತ್ರ ನೋಡಿದೆ. "ಗ್ಲೌಸು ತೆಗೀತಿದ್ದೀರಮ್ಮ. ಕಿರುಬೆರಳು ಆಯ್ತು. ಉಂಗುರದ ಬೆರಳು..."

ಮುಂದೆ ಹೇಳಲು ಏನೂ ಇರಲಿಲ್ಲ. ಪರದೆಯ ಮೇಲೆ ಕೈ ಅಲುಗಲಿಲ್ಲ. ಪಕ್ಕದಲ್ಲಿ, ಮಡಿಲ ಮೇಲೆ, ಆ ಮುದಿ ಕೈಯೂ ಅದೇ ಬೆರಳು ಹಿಡಿದು ನಿಂತಿತ್ತು.

"ನಿಂತಿದೆಯಮ್ಮ," ಎಂದೆ. "ಇನ್ನೂ ನಿಂತೇ ಇದೆ."

ಅವರು ಮೆಲ್ಲಗೆ ಉಸಿರು ಬಿಟ್ಟರು. ವಾಪಸ್ ಬರುವಾಗ ಕಾರಿನಲ್ಲಿ ನನಗೆ ಥ್ಯಾಂಕ್ಸ್ ಹೇಳಿದರು. ಹೇಳಬೇಕಾದವನು ನಾನು, ಬಾಯಿ ಬರಲಿಲ್ಲ, ಈಗ ಬರೆಯುತ್ತಿದ್ದೇನೆ. ನೀವೂ ಯಾರ ಪಕ್ಕದಲ್ಲಾದರೂ ಕೂತು ಸಿನಿಮಾ ಹೇಳಿದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ನಿಧಾನಕ್ಕಾದರೂ ಓದುತ್ತೇನೆ.