ಒಡೆದ ಒಂದು ಅಕ್ರೋಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ, ತಲೆಯಾಡಿಸಿ ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದವಳು ನಾನು. ಈಗ ನಾನೇ ಹೇಳಬೇಕಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಮಾವನವರು ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಬ್ರಿಟಿಷರ ಕಾಲದಲ್ಲಿ ವಾಯವ್ಯ ಗಡಿಯ ಕೋಟೆ, ಕಣಿವೆ, ಕುದುರೆಗಳ ಸಾಹಸ ಕಾದಂಬರಿ ಬರೆದ ಒಬ್ಬ ಸೈನಿಕನ ಬದುಕು-ಬರಹದ ಮೇಲೆ ಪುಸ್ತಕ ಬರೆಯುತ್ತಿದ್ದರು. "ಅಲ್ಲಿಯವರನ್ನೆಲ್ಲ ಕಳ್ಳರು ಅಂತ ಬರೆದಿದ್ದಾನೆ ಪುಣ್ಯಾತ್ಮ. ಆದ್ರೆ ಕುದುರೆ ಸವಾರಿ ಬರೆದ್ರೆ, ಓದ್ತಾ ಓದ್ತಾ ನಮ್ಮ ಸೊಂಟ ಹಿಡ್ಕೊಳ್ಳುತ್ತೆ" ಎಂದು ನಗುತ್ತಿದ್ದರು. ಅವನ ಕೊನೆಯ ಕಾದಂಬರಿಯ ಕೊನೆಯ ಹಾಳೆ ಮಾತ್ರ ಅವರ ಪ್ರತಿಯಲ್ಲಿ ಹರಿದುಹೋಗಿತ್ತು. ಇಂಟರ್ನೆಟ್ಟಿನಲ್ಲೂ ಸಿಕ್ಕಿರಲಿಲ್ಲ. ಅದನ್ನು ತಿಳಿಯದೆ ಪುಸ್ತಕ ಅಚ್ಚಿಗೆ ಕೊಡಲು ಅವರಿಗೆ ಮನಸ್ಸಿಲ್ಲ.

ಕಣ್ಣು ಮಂಜಾದ್ದರಿಂದ ಅವರು ಹೇಳುವುದು, ನಾನು ಬರೆದುಕೊಳ್ಳುವುದು. ಆ ಭಾನುವಾರ ಉಪ್ಪಿಟ್ಟು ತಿನ್ನುತ್ತಾ, "ಹೋಗ್ಲಿ, ಕೊನೆ ನಾನೇ ಊಹಿಸ್ತೀನಿ, ಬರ್ಕೊಳಮ್ಮ" ಎಂದರು. "ದಾರಿ ತೋರಿಸಿದ ಪಠಾಣ, ಸಾಹೇಬ ಕೊಟ್ಟ ಬಕ್ಷೀಸು ಮುಟ್ಟಲ್ಲ. ಸಾಹೇಬ ಹೊಳೇಲಿ ಕಳ್ಕೊಂಡ ಬೂಟು ಹುಡುಕಿ ಕಳಿಸ್ತಾನೆ. ಒಳಗೆ ಐದು ಅಕ್ರೋಟು. ಒಂದು ಒಡೆದಿದೆ."

"ಒಡೆದದ್ದು ಯಾಕೆ ಮಾವ?"

"ಗೊತ್ತಿಲ್ಲ. ಹಾಗೇ ಕಾಣ್ತು."

ಕೈಗೆ ಸಿಕ್ಕ ನನ್ನ ದಿನಚರಿಯಲ್ಲೇ ಬರೆದುಕೊಂಡೆ.

ಮಧ್ಯಾಹ್ನ ಒಂದಕ್ಕೆ, ಕಟ್ಟಡದವರೆಲ್ಲ ಬಳಸುವ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ. ನಾನು, ಮಾವನವರು, ನನ್ನ ಮಗಳು ಮೂವರೂ ಇಳಿದರೆ ಅಲ್ಲಿಯ ಗಡಿಯಾರದಲ್ಲಿ ಇನ್ನೂ ಹನ್ನೆರಡು! ಚಳಿಗಾಲಕ್ಕೆಂದು ಹಿಂದಿನ ರಾತ್ರಿ ದೇಶವೆಲ್ಲ ಗಡಿಯಾರ ಒಂದು ತಾಸು ಹಿಂದಿಟ್ಟಿತ್ತು, ನಮ್ಮ ಅಡುಗೆಮನೆಯೊಂದನ್ನು ಬಿಟ್ಟು. ಇಲ್ಲಿ ಇನ್ನೊಬ್ಬರ ಸರದಿಯಲ್ಲಿ ಮೆಷಿನ್ ಮುಟ್ಟಿದರೆ ವರ್ಷವಿಡೀ ಮುಖ ತಿರುಗಿಸುತ್ತಾರೆ. ಬೆಂಚಿನ ಮೇಲೆ ಕಾದೆವು. ಪಕ್ಕದಲ್ಲಿ, ಜನ ಓದಿದ ಪುಸ್ತಕ ಬಿಟ್ಟುಹೋಗುವ ಕಪಾಟು. ಬೇಸರಕ್ಕೆ ಮಗಳು ಒಂದನ್ನು ಎಳೆದಳು.

"ತಾತ, ಇದು ನಿಮ್ಮ ಸೋಲ್ಜರ್ ಅಲ್ವಾ?"

ಅವನೇ. ಅದೇ ಕಾದಂಬರಿ, ಸ್ವೀಡಿಷ್ ಅನುವಾದ.

"ಕೊನೆ ಪುಟ ಓದು ಕಂದ" ಎಂದರು ಮಾವನವರು.

ತಡೆದು ತಡೆದು ಓದಿ ಹೇಳಿದಳು: "ಬೂಟ್ ಒಳಗೆ... ವಾಲ್‌ನಟ್ಸ್. ಫೈವ್. ಒಂದು ಒಡೆದೋಗಿದೆ. ತಾತ! ಯೂ ಚೀಟೆಡ್!"

ಮಾವನವರು ಕಣ್ಣೀರು ಬರುವಷ್ಟು ನಕ್ಕರು. ಮೆಷಿನ್ ಖಾಲಿ ಮಾಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಏನೂ ಅರ್ಥವಾಗದೆ ತಾನೂ ನಕ್ಕಳು.

ಚಿಕ್ಕಂದಿನಲ್ಲಿ ಓದಿ ಮರೆತಿರಬೇಕು ಎನ್ನುತ್ತಾರೆ ನನ್ನ ಯಜಮಾನರು. ಹನ್ನೆರಡನೇ ವಯಸ್ಸಿನಲ್ಲಿ ಕೈಗೆ ಬಂದಾಗಲೇ ಹಾಳೆ ಹರಿದಿತ್ತು ಎನ್ನುತ್ತಾರೆ ಮಾವನವರು. ಪುಸ್ತಕವಂತೂ ಅಚ್ಚಾಯಿತು.

ಇದನ್ನು ಬರೆಯುವ ಮೊದಲು ಆ ದಿನದ ಪುಟ ತೆಗೆದು ನೋಡಿದೆ. ಉಪ್ಪಿಟ್ಟು, ಬಟ್ಟೆ ಎರಡು ಬುಟ್ಟಿ, ಅಕ್ರೋಟು ಐದು, ಒಂದು ಒಡೆದದ್ದು. ಬೇರೆಯವರು ಓದಿದರೆ ಅಂಗಡಿ ಸಾಮಾನಿನ ಪಟ್ಟಿ ಎಂದುಕೊಂಡಾರು. ಬರೆದದ್ದು ಬೆಳಿಗ್ಗೆ, ಅಕ್ಷರ ನನ್ನದೇ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.